ಅವಳು ಸೇರಿಸಿದ ಸಾಲು

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಟ್ಟೆಕಿಚ್ಚಿನವಳು. ನಮ್ಮಮ್ಮ ಇದನ್ನು ನನಗೆ ಆರು ವರ್ಷವಿದ್ದಾಗಲೇ ಕಂಡುಹಿಡಿದಿದ್ದಳು. ಪಕ್ಕದ ಮನೆಯ ಹುಡುಗಿಗೆ ಜ್ವರ ಬಂದು ಅವಳಿಗೆ ಬ್ರೆಡ್ಡು, ಹಾಲು ಕೊಡುತ್ತಿದ್ದರೆ, ನನಗೂ ಜ್ವರ ಬರಲಿ ಅಂತ ನಾನು ಹೋಗಿ ಮಂಜಿನಲ್ಲಿ ಕೂತಿದ್ದೆನಂತೆ. ಬೆಳಗಿನಿಂದ ಕೂತರೂ ಒಂದು ಸೀನು ಕೂಡ ಬರಲಿಲ್ಲ. ಅದಕ್ಕೂ ಹೊಟ್ಟೆ ಉರಿದುಕೊಂಡೆ.

ಆ ಪಕ್ಕದ ಮನೆ ಎಂದರೆ ನಮಗೆ ಬಾಡಿಗೆಗೆ ಕೊಟ್ಟವರ ಮನೆ. ನೀಲಗಿರಿ ಬೆಟ್ಟದಲ್ಲಿ, ಕೋಟಗಿರಿಯಿಂದ ಕೂಕಲ್ತೊರೈ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಟ್ಟಿ, ಅಲ್ಲಿನ ಬಡಗ ಜನರ ಸಣ್ಣ ಊರು. ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಕೆಳಗೆ ಇಳಿಜಾರಿನ ಉದ್ದಕ್ಕೂ ಟೀ ಗಿಡ. ಸಾಲಿನ ಕೊನೆಯ ಎರಡು ಕೋಣೆ ನಮ್ಮದು. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದವರು, ಹಟ್ಟಿ ಹಟ್ಟಿಗೆ ಹೋಗಿ ಹಸಿ ಎಲೆ ತುಂಬಿಕೊಂಡು ಫ್ಯಾಕ್ಟರಿಗೆ ಮುಟ್ಟಿಸುವ ಲೀಫ್ ಲಾರಿಯ ಡ್ರೈವರು. ಹಟ್ಟಿಯಲ್ಲಿ ಬಡಗರಲ್ಲದವರು ನಾವೊಬ್ಬರೇ. ಯಾರೂ ನಮ್ಮನ್ನು ಹೊರಗಿನವರು ಅಂತ ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಹಬ್ಬದ ದಿನ ಎಲ್ಲರೂ ಬಿಳಿ ಬಟ್ಟೆ ಉಟ್ಟು ಸಾಲಾಗಿ ಹೊರಟಾಗ ನಾನು ಬಾಗಿಲಲ್ಲಿ ಹೂವಿನ ಫ್ರಾಕು ಹಾಕಿಕೊಂಡು ನಿಂತಿರುತ್ತಿದ್ದೆ.

ಪಕ್ಕದ ಮನೆಯ ಹುಡುಗಿಗೂ ನನಗೂ ಒಂದೇ ವಯಸ್ಸು, ಒಂದೇ ಕ್ಲಾಸು, ಒಂದೇ ಬಸ್ಸು. ಅವಳಿಗೆ ಇಳಿಜಾರಿನಲ್ಲಿ ತೋಟವಿತ್ತು, ಸುತ್ತಲಿನ ಪ್ರತಿ ಹಟ್ಟಿಯಲ್ಲೂ ನೆಂಟರಿದ್ದರು, ಮಂಡಿಯವರೆಗೆ ಜಡೆಯಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಒಬ್ಬಳು ಅಜ್ಜಿಯಿದ್ದಳು. ಬಡಗರು ಅಜ್ಜಿಗೆ ಹೆತ್ತೆ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಹೆತ್ತೆ ಒಲೆಯಲ್ಲಿ ಆಲೂಗಡ್ಡೆ ಸುಟ್ಟರೆ ನಮಗಿಬ್ಬರಿಗೂ ಒಂದೊಂದು ಕೊಡುತ್ತಿದ್ದಳು. ಅವಳದ್ದು ದೊಡ್ಡದೋ ನನ್ನದು ದೊಡ್ಡದೋ ಅಂತ ನಾನು ಪ್ರತಿ ಸಲ ನೋಡುತ್ತಿದ್ದೆ. ಪ್ರತಿ ಸಲ ಒಂದೇ ಅಳತೆಯದ್ದು. ಜಗಳ ತೆಗೆಯಲೂ ಜಾಗವಿಲ್ಲದಂತೆ ನ್ಯಾಯವಾಗಿ ನಡೆದುಕೊಳ್ಳುವವರನ್ನು ಕಂಡರೆ ನನಗೆ ಆಗಿನಿಂದಲೂ ಕೋಪ.

ಶಾಲೆಯಲ್ಲಿ ನಾವು ಕಲಿತದ್ದು ತಮಿಳು ಮತ್ತು ಇಂಗ್ಲಿಷು. ಕನ್ನಡದ ಅಕ್ಷರ ನನಗೆ ಅಮ್ಮ ಕಲಿಸಿದ್ದು. ಹಟ್ಟಿಯಲ್ಲಿ ಕನ್ನಡ ಓದಬಲ್ಲವರು ನಮ್ಮ ಮನೆಯವರು ಮಾತ್ರ. ಪಕ್ಕದ ಮನೆಯವಳು ಅವರ ಬಡಗ ಮಾತಿನಲ್ಲೂ ನಮ್ಮ ಮಾತಿನಲ್ಲೂ ನನ್ನ ಜೊತೆ ಚೆನ್ನಾಗಿಯೇ ಹರಟುತ್ತಿದ್ದಳು, ಆದರೆ ಕನ್ನಡದ ಒಂದು ಅಕ್ಷರವೂ ಅವಳಿಗೆ ಗೊತ್ತಿರಲಿಲ್ಲ. ಇದು ನನಗೆ ಬಹಳ ಅನುಕೂಲವಾಗಿತ್ತು. ನನ್ನ ನೋಟ್‌ಬುಕ್ಕುಗಳ ಕೊನೆಯ ಹಾಳೆಯಲ್ಲಿ ಅವಳ ಮೇಲಿನ ಸಿಟ್ಟನ್ನೆಲ್ಲ ಕನ್ನಡದಲ್ಲಿ ಬರೆದಿಡುತ್ತಿದ್ದೆ. ಅವಳು ಅದೇ ನೋಟ್‌ಬುಕ್ಕನ್ನು ತೆಗೆದು, ಎಷ್ಟು ದುಂಡಗಿದೆ ನಿಮ್ಮ ಅಕ್ಷರ ಅಂತ ಹೊಗಳಿ ವಾಪಸು ಕೊಡುತ್ತಿದ್ದಳು.

ಡಿಗ್ರಿಗೆ ಇಬ್ಬರೂ ಊಟಿಯ ಕಾಲೇಜಿಗೆ ಸೇರಿದೆವು. ಮೊದಲನೆಯ ಸೆಮಿಸ್ಟರಿನಲ್ಲಿ ನಾನು ನಿಜವಾಗಿಯೂ ಓದಿದೆ. ಬೆಳಗಿನ ಬಸ್ಸಿನಲ್ಲಿ ಓದಿದೆ, ಸಂಜೆಯ ಬಸ್ಸಿನಲ್ಲಿ ಓದಿದೆ. ಫಲಿತಾಂಶ ಬಂದಾಗ ಅವಳು ಮೊದಲನೆಯವಳು, ನಾನು ನಾಲ್ಕನೆಯವಳು. ನಾಲ್ಕನೆಯ ಸ್ಥಾನ ಅಂದರೆ ಸಣ್ಣದಲ್ಲ. ಅಮ್ಮ ಪಾಯಸ ಮಾಡಿದಳು. ನಾನು ಒಂದು ಚಮಚ ತಿಂದು ಬಟ್ಟಲು ಸರಿಸಿದೆ. ಎರಡನೆಯ ಸೆಮಿಸ್ಟರಿನಿಂದ ಓದುವುದನ್ನು ಬಿಟ್ಟೆ. ಯಾಕೆ ಅಂತ ಕೇಳಿದವರಿಗೆ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಒಬ್ಬರಿಗೆ ತಲೆನೋವು, ಒಬ್ಬರಿಗೆ ಮೇಷ್ಟರು ಸರಿಯಿಲ್ಲ, ಅಪ್ಪನಿಗೆ ಬಸ್ಸಿನ ಪ್ರಯಾಣ ಸುಸ್ತು. ಹಿಂದಿನ ಬೆಂಚಿಗೆ ಹೋಗಿ ಕೂತೆ. ಫೋನು ನೋಡಿದೆ, ಕ್ಲಾಸು ತಪ್ಪಿಸಿ ಮಾರ್ಕೆಟ್ಟಿನಲ್ಲಿ ತಿರುಗಿದೆ. ಮೂರು ಪೇಪರು ಫೇಲಾಗಿ ಉಳಿದವು. ಹಾಗೆ ಉಳಿದದ್ದನ್ನು ನಮ್ಮ ಕಡೆ ಅರಿಯರ್ ಅನ್ನುತ್ತಾರೆ. ಮೂರನ್ನೂ ಕೊನೆಗೆ ಕಟ್ಟಿ ಪಾಸು ಮಾಡಿದೆ, ಅಷ್ಟೇ. ಒಟ್ಟು ಅಂಕ ನೋಡಿದ ಅಪ್ಪ, 'ಪಾಸಾಯ್ತಲ್ಲ ಬುಡು' ಅಂದರು. ಆ ಸಮಾಧಾನದ ಮಾತು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಲಾ ಓದುವ ಮಾತನ್ನು ಮೊದಲು ಎತ್ತಿದವಳು ಅವಳೇ. ಕೊನೆಯ ವರ್ಷ, ಬಸ್ಸಿನಲ್ಲಿ, ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ, ತಾನು ವಕೀಲೆ ಆಗುತ್ತೇನೆ ಅಂದಳು. ನಾನು ಆ ಗಳಿಗೆಯವರೆಗೆ ಲಾ ಅನ್ನುವುದರ ಬಗ್ಗೆ ಯೋಚಿಸಿದವಳೇ ಅಲ್ಲ. ನಾನೂ ಅದನ್ನೇ ಅಂದುಕೊಂಡಿದ್ದೆ ಅಂದುಬಿಟ್ಟೆ. ಅವಳು ತಿರುಗಿ ಒಂದು ನಿಮಿಷ ನನ್ನ ಮುಖ ನೋಡಿದಳು. ಆಮೇಲೆ, ಒಳ್ಳೆಯದೇ ಆಯಿತು, ಜೊತೆಯಲ್ಲಿ ಹೋಗೋಣ ಅಂದಳು.

ಜೊತೆಯಲ್ಲಿ ಹೋಗಲಿಲ್ಲ. ಅವಳ ಕನಸು ಮೈಸೂರು ಕಡೆಯ ಒಂದು ಲಾ ಕಾಲೇಜು. ಅಲ್ಲಿ ಡಿಗ್ರಿಯ ಅಂಕ ಒಂದೇ ನೋಡುವುದಿಲ್ಲ, ಪ್ರವೇಶ ಪರೀಕ್ಷೆಯಿದೆ, ಒಂದು ಪುಟದ ಲೇಖನ ಬರೆಯಬೇಕು, ಆಮೇಲೆ ಸಂದರ್ಶನ. ಪರೀಕ್ಷೆ ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಸಂದರ್ಶನದಲ್ಲಿ ಮಾತ್ರ ಅವಳ ಬಾಯಿ ಕಟ್ಟಿಹೋಯಿತಂತೆ. ಮನೆಗೆ ಬಂದು ಅತ್ತಳು, ನಾನು ಬೆನ್ನು ಸವರಿದೆ. ಅವತ್ತು ನಾನು ಎರಡು ಹೊತ್ತಿನ ಊಟವನ್ನು ಒಂದೇ ಹೊತ್ತಿಗೆ ಮಾಡಿದೆ. ಇಷ್ಟು ಹಸಿವು ಎಲ್ಲಿಂದ ಬಂತೆಂದು ಅಮ್ಮ ಕೇಳಿದಳು.

ಆದರೆ ಅವಳಿಗೆ ಇನ್ನೊಂದು ಬಾಗಿಲು ತೆರೆದೇ ಇತ್ತು. ನಮ್ಮ ತಮಿಳುನಾಡಿನ ಸರ್ಕಾರಿ ಲಾ ಕಾಲೇಜುಗಳಲ್ಲಿ ಡಿಗ್ರಿಯ ಅಂಕ ನೋಡಿ ಸೀಟು ಕೊಡುತ್ತಾರೆ. ಅವಳ ಅಂಕಕ್ಕೆ ಮೊದಲ ಪಟ್ಟಿಯಲ್ಲೇ ಸೀಟು ಸಿಕ್ಕಿತು, ಕೆಳಗಿನ ಬಯಲಿನ ಊರಿನಲ್ಲಿ. ನಾನೂ ಅರ್ಜಿ ಹಾಕಿದ್ದೆ. ಅರ್ಜಿ ಹಾಕಲು ಬೇಕಾದಷ್ಟು ಅಂಕ ನನಗಿತ್ತು, ಸೀಟು ಸಿಗಲು ಬೇಕಾದಷ್ಟು ಇರಲಿಲ್ಲ. ಒಂದೊಂದು ಪಟ್ಟಿ ಬಂದಾಗಲೂ ಫೋನಿನ ಮೇಲೆ ಬೆರಳು ಜಾರಿಸಿ ಜಾರಿಸಿ ಕೊನೆಯವರೆಗೆ ನೋಡಿದೆ. ಅವಳ ಸೂಟ್‌ಕೇಸು ಕೋಟಗಿರಿ ಬಸ್ ಸ್ಟ್ಯಾಂಡಿಗೆ ಹೋದದ್ದು ನಮ್ಮಪ್ಪನ ಲಾರಿಯಲ್ಲಿ, ಎಲೆಯ ಮೂಟೆಗಳ ಮೇಲೆ. ಅದು ಬೀಳದಂತೆ ಹಿಡಿದುಕೊಂಡು ಕೂತವಳು ನಾನು.

ಅವಳು ಹೋದ ಮೇಲೆ ಹಟ್ಟಿಯಲ್ಲಿ ಇರಲಾಗಲಿಲ್ಲ. ಕೋಟಗಿರಿಯಲ್ಲಿ ಒಬ್ಬ ವಕೀಲರ ಆಫೀಸಿಗೆ ಕೆಲಸಕ್ಕೆ ಸೇರಿದೆ. ಐವತ್ತು ದಾಟಿದ ಹೆಂಗಸು, ತಮಿಳಿನವರು, ಎಲ್ಲರೂ ಮೇಡಂ ಅನ್ನುತ್ತಿದ್ದರು. ಕೇಸಿನ ಕಟ್ಟುಗಳಿಗೆ ದಾರ ಕಟ್ಟುವುದು, ಮುಂದಿನ ವಾಯಿದೆಯ ತಾರೀಖು ಬರೆಯುವುದು, ಬಂದವರಿಗೆ ಅವರ ಅರ್ಜಿಯಲ್ಲಿ ಏನಿದೆ ಅಂತ ಓದಿ ಹೇಳುವುದು ನನ್ನ ಕೆಲಸ. ಮೊದಮೊದಲು ಅವಳ ಕನಸಿನ ತುಣುಕೊಂದನ್ನು ಕದ್ದುಕೊಂಡ ಖುಷಿಯಿತ್ತು. ಆಮೇಲೆ ಯಾವಾಗಲೋ ಆ ಕೆಲಸವೇ ಹಿಡಿಸಿಬಿಟ್ಟಿತು.

ಒಂದು ಕೇಸು ಬಂತು. ಸಣ್ಣ ಬೆಳೆಗಾರರ ಎಲೆಯನ್ನು ತೂಕ ಮಾಡುವ ಏಜೆಂಟನೊಬ್ಬ ಎಲೆ ಒದ್ದೆಯಾಗಿದೆ ಅಂತ ದಿನವೂ ಇಷ್ಟಿಷ್ಟು ಕಿಲೋ ಕಡಿತ ಮಾಡುತ್ತಿದ್ದ. ಮಳೆಯಿಲ್ಲದ ದಿನವೂ ಕಡಿತ ಮಾಡುತ್ತಾನೆ ಅಂತ ಬೆಳೆಗಾರರ ದೂರು. ಯಾವ ದಿನ ಮಳೆಯಿತ್ತು, ಯಾವ ದಿನ ಇರಲಿಲ್ಲ ಅಂತ ಯಾರ ಹತ್ತಿರವೂ ಬರಹವಿರಲಿಲ್ಲ. ನನಗೆ ಅಪ್ಪನ ಡೈರಿ ನೆನಪಾಯಿತು. ತಿರುವಿನ ರಸ್ತೆಯಲ್ಲಿ ಲಾರಿ ಜಾರುತ್ತದೆ ಅಂತ ಅಪ್ಪ ಪ್ರತಿ ದಿನವೂ ರಸ್ತೆ ಒಣಗಿತ್ತೋ ಒದ್ದೆಯೋ ಎಂದು ಕನ್ನಡದಲ್ಲಿ ಬರೆದಿಡುತ್ತಿದ್ದರು. ಅದನ್ನು ತಂದು ಮೇಡಂ ಮುಂದೆ ಇಟ್ಟೆ, ತಾರೀಖಿಗೆ ತಾರೀಖು ಹೊಂದಿಸಿ ತೋರಿಸಿದೆ. ಆ ಏಜೆಂಟ ಕೋರ್ಟಿನವರೆಗೂ ಹೋಗದೆ ಒಪ್ಪಂದಕ್ಕೆ ಬಂದ. ಮೇಡಂ ಅವತ್ತು ನನ್ನನ್ನು ಕೂರಿಸಿ, ಲಾ ಓದುವ ಮನಸ್ಸಿದೆಯಾ ಅಂತ ಕೇಳಿದರು. ಇದೆ ಅಂದೆ. ಈ ಸಲ ಅದು ಯಾರನ್ನೋ ನೋಡಿ ಹೇಳಿದ ಮಾತಾಗಿರಲಿಲ್ಲ. ನನಗೆ ಆ ಸೀಟು ಬೇಕಾಗಿತ್ತು, ಬೇಕೇಬೇಕಾಗಿತ್ತು. ಅಪ್ಪ ಅಷ್ಟರಲ್ಲಿ ಊರಿನ ಕಡೆ ಸಂಬಂಧ ನೋಡುತ್ತಿದ್ದರು. ಬರುವ ವರ್ಷ ಸೀಟು ಸಿಗದಿದ್ದರೆ ಮದುವೆಗೆ ಒಪ್ಪಿಕೋಬೇಕು ಅಂತ ಮಾತಾಗಿತ್ತು.

ನನ್ನ ಅಂಕಪಟ್ಟಿಗಳನ್ನು ಮೇಡಂ ಕನ್ನಡಕ ಏರಿಸಿ ನೋಡಿದರು. ಇದನ್ನು ಈಗ ತೊಳೆದರೂ ಹೋಗುವುದಿಲ್ಲ ಅಂದರು. ಆಮೇಲೆ, ಅಂಕದ ಮೇಲೆ ಮಾತ್ರ ಸೀಟು ಕೊಡುವ ಕಡೆ ಮತ್ತೆ ಹೋಗಿ ತಲೆ ಚಚ್ಚಿಕೊಳ್ಳಬೇಡ, ಅಂಕದ ಜೊತೆ ಬೇರೆಯದನ್ನೂ ನೋಡುವ ಕಡೆ ಹೋಗು ಅಂದರು. ಹಾಗೆಂದರೆ ಆ ಮೈಸೂರು ಕಡೆಯ ಕಾಲೇಜೇ. ಪ್ರವೇಶ ಪರೀಕ್ಷೆಗೆ ಮೈಮುರಿದು ಓದಬೇಕು, ಡಿಗ್ರಿಯ ಅಂಕ ಕಡಿಮೆಯಾದರೂ ತಲೆ ಕಡಿಮೆಯಿಲ್ಲ ಅಂತ ಅದರಿಂದ ಗೊತ್ತಾಗಬೇಕು. ಎಲೆಯ ಕೇಸಿನಲ್ಲಿ ನಾನು ಮಾಡಿದ ಕೆಲಸವನ್ನು ಬರೆದು ಅವರೇ ಒಂದು ಪತ್ರ ಕೊಡುತ್ತಾರೆ. ಉಳಿದದ್ದು ಆ ಒಂದು ಪುಟ. ಅಂಕ ಯಾಕೆ ಕಡಿಮೆಯಾಯಿತು ಅಂತ ಅದರಲ್ಲಿ ನಾನೇ ಹೇಳಬೇಕು. 'ಕಾರಣ ಹೇಳು, ನೆಪ ಹೇಳಬೇಡ,' ಅಂದರು ಮೇಡಂ ತಮಿಳಿನಲ್ಲಿ.

ಒಂದು ವರ್ಷ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿರುತ್ತಿತ್ತು. ಎಷ್ಟು ಓದಿದರೂ ಹೋಲಿಸಿ ನೋಡಲು ಯಾರೂ ಇರಲಿಲ್ಲ. ವಿಚಿತ್ರವೆಂದರೆ ಓದು ತಲೆಗೆ ಹತ್ತಿತು. ಪರೀಕ್ಷೆ ಚೆನ್ನಾಗಿಯೇ ಆಯಿತು.

ಆ ಒಂದು ಪುಟ ಮಾತ್ರ ಆಗಲಿಲ್ಲ. ಕೋಟಗಿರಿಯ ಬ್ರೌಸಿಂಗ್ ಸೆಂಟರಿನವನು, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಅಕ್ಕ, ಎರಡು ಕಾರಣ ರೆಡಿ ಇದೆ, ಕಾಮಾಲೆ ಒಂದು, ಅಜ್ಜಿ ಸತ್ತದ್ದು ಒಂದು, ಯಾವುದು ಬೇಕು ಅಂದ. ಹೆಸರು ಬದಲಾಯಿಸಿದರೆ ಸಾಕಂತೆ. ಎಷ್ಟು ಜನರ ಅಜ್ಜಿಯರು ಅವನ ಕಂಪ್ಯೂಟರಿನಲ್ಲಿ ಸತ್ತಿದ್ದರೋ. ನಾನು ಬೇಡ ಅನ್ನಲಿಲ್ಲ. ಯೋಚಿಸಿ ಹೇಳುತ್ತೇನೆ ಅಂದು ಬಂದೆ.

ಆ ವಾರವೇ ಹೆತ್ತೆ ಸತ್ತಳು.

ಮೊಮ್ಮಗಳು ಕೆಳಗಿನ ಊರಿನಿಂದ ಬಂದಳು, ಬೆಳಗಿನ ಮೊದಲ ಬಸ್ಸಿಗೆ. ಬಸ್ಸಿನಿಂದ ಇಳಿದವಳು ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳು ಅಳುವಲ್ಲ. ಅಳುತ್ತಿರುವಾಗಲೇ ನನ್ನ ತಲೆಯ ಒಂದು ಮೂಲೆ ಹೇಳುತ್ತಿತ್ತು: ಈಗ ನಿಜವಾಗಿಯೂ ಅಜ್ಜಿ ಸತ್ತಳು, ನಾನೂ ಅವಳನ್ನು ಹೆತ್ತೆ ಅಂತಲೇ ಕರೆಯುತ್ತಿದ್ದೆನಲ್ಲ, ಸಾವಿನ ತಾರೀಖು ಒಂದನ್ನು ಡಿಗ್ರಿಯ ವರ್ಷಗಳಿಗೆ ಹಿಂದಕ್ಕೆ ಹಾಕಿದರೆ ಆಯಿತು. ನನ್ನ ಸ್ವಂತ ಅಜ್ಜಿಯನ್ನು ನಾನು ನೋಡಿದ್ದೇ ಎರಡು ಸಲ. ಅಳುವುದಕ್ಕೂ ನನ್ನ ಗೆಳತಿಗೆ ನನಗಿಂತ ಹೆಚ್ಚಿನ ಹಕ್ಕಿತ್ತು. ಅದಕ್ಕೂ ನನಗೆ ಉರಿಯಿತು. ನನ್ನಂಥ ದರಿದ್ರದವಳು ಇನ್ನೊಬ್ಬಳಿರಲಾರಳು.

ಬಡಗರ ಸಾವಿನಲ್ಲಿ ಒಂದು ಶಾಸ್ತ್ರವಿದೆ. ಹೆಣ ಎತ್ತುವ ಮೊದಲು ಹಿರಿಯರೊಬ್ಬರು ನಿಂತು ಸತ್ತವರ ಪಾಪಗಳನ್ನು ಒಂದೊಂದಾಗಿ ಎಲ್ಲರ ಮುಂದೆ ಹೇಳುತ್ತಾರೆ. ಪ್ರತಿಯೊಂದಕ್ಕೂ ಸುತ್ತ ನೆರೆದವರು ಒಂದೇ ದನಿಯಲ್ಲಿ ಹೌದೆಂದು ಒಪ್ಪುತ್ತಾರೆ. ಹಾಗೆ ಹೇಳಿ ಮುಗಿಸಿದ ಮೇಲೆ ಆ ಪಾಪ ಕಳೆಯಿತು ಅಂತ ಲೆಕ್ಕ. ಸತ್ತವರು ಅದನ್ನೆಲ್ಲ ಮಾಡಿದ್ದರೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ, ಮನುಷ್ಯರು ಮಾಡುವುದನ್ನೆಲ್ಲ ಹೇಳಿಬಿಡುತ್ತಾರೆ. ನಮ್ಮ ಕಡೆ ಸತ್ತವರನ್ನು ದೇವರಂಥವರು ಅಂತ ಹೊಗಳಿ ಹೊಗಳಿ ಕಳಿಸುವುದನ್ನು ಕಂಡವಳು ನಾನು. ಇಲ್ಲಿ ಬಿಳಿ ಬಟ್ಟೆಯ ಜನರ ನಡುವೆ ಮಲಗಿದ್ದ ಹೆತ್ತೆಯ ಮೇಲೆ ಗಡಿಯ ಕಲ್ಲು ಸರಿಸಿದ್ದು, ಬೇರೆಯವರ ನೀರು ತಿರುಗಿಸಿದ್ದು ಎಲ್ಲ ಬಂತು. ಕೊನೆಗೆ ಇನ್ನೊಬ್ಬರ ಏಳಿಗೆ ಕಂಡು ಕರುಬಿದ್ದೂ ಬಂತು. ಎಲ್ಲರೂ ಒಪ್ಪಿದರು. ನಾನು ಅಮ್ಮನ ಪಕ್ಕದಲ್ಲಿ ಅಂಚಿನಲ್ಲಿ ನಿಂತು ಕಾಲಿನ ಉಗುರು ನೋಡುತ್ತಿದ್ದೆ.

ಆಲೂಗಡ್ಡೆಯನ್ನು ಒಂದೇ ಅಳತೆಯಲ್ಲಿ ಕೊಟ್ಟ ಮುದುಕಿಗೆ ಕರುಬುವುದು ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದವಳು ನಾನು. ನಮಗೆ ಈ ಶಾಸ್ತ್ರವಿಲ್ಲ. ನಾನು ಸತ್ತರೆ ನನ್ನದನ್ನು ಹೇಳುವವರು ಯಾರು? ಅವತ್ತು ನನಗೆ ಹೆಣದ ಮೇಲೂ ಹೊಟ್ಟೆಕಿಚ್ಚು ಬಂತು.

ಮರುದಿನ ಕೂತು ಬರೆದೆ. ಮೇಡಂ ಆಫೀಸಿನಿಂದ ತಂದ ಉದ್ದನೆಯ ಹಾಳೆಯಲ್ಲಿ, ಕನ್ನಡದಲ್ಲಿ, ಒಂದರ ಕೆಳಗೆ ಒಂದು. ಕ್ಲಾಸು ತಪ್ಪಿಸಿದ್ದು. ಹಾಜರಿಗೆ ಸುಳ್ಳು ಚೀಟಿ ಕೊಟ್ಟದ್ದು. ಪರೀಕ್ಷೆಯ ಹಿಂದಿನ ದಿನ ಸಿನಿಮಾಕ್ಕೆ ಹೋದದ್ದು. ಮೇಷ್ಟರ ಎದುರು ಮಾತಾಡಿ ಕ್ಲಾಸಿನಿಂದ ಹೊರಗೆ ಹೋದದ್ದು. ತಲೆನೋವು ಅಂತ ಹೇಳಿದ ಸುಳ್ಳು, ಬಸ್ಸು ಅಂತ ಹೇಳಿದ ಸುಳ್ಳು. ಎಲ್ಲವನ್ನೂ ಹೇಳಿಬಿಟ್ಟರೆ ಎಲ್ಲವೂ ಕಳೆಯುತ್ತದೆ, ಅಂಕಪಟ್ಟಿಯೂ ಹಗುರಾಗುತ್ತದೆ ಅನ್ನುವ ನಂಬಿಕೆ ನನಗೆ ಹೇಗೋ ಬಂದುಬಿಟ್ಟಿತ್ತು. ಬಡಗರ ಹಟ್ಟಿಯಲ್ಲಿ ಬೆಳೆಯದವರು ಯಾರೂ ಕಾಲೇಜಿಗೆ ಇಂಥ ಪುಟ ಬರೆಯುತ್ತಿರಲಿಲ್ಲ ಅಂತ ಕಾಣುತ್ತದೆ. ಹಾಳೆಯ ಎರಡೂ ಮಗ್ಗುಲು ತುಂಬಿತು.

ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಿತ್ತು. ನನ್ನ ಇಂಗ್ಲಿಷು ಅರ್ಜಿ ಓದಲು ಸಾಕು, ಅಚ್ಚುಕಟ್ಟಾಗಿ ಬರೆಯಲು ಸಾಲದು. ಅವಳು ಹೆತ್ತೆಯ ಕರ್ಮಕ್ಕೆಂದು ಇನ್ನೂ ನಾಲ್ಕು ದಿನ ಹಟ್ಟಿಯಲ್ಲಿದ್ದಳು. ಬೇರೆ ದಾರಿ ಕಾಣದೆ ಅವಳ ಹತ್ತಿರವೇ ಹೋದೆ. ಅವಳ ಮನೆಯ ಮುಂದಿನ ಕಲ್ಲುಗೋಡೆಯ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಕೂತೆವು. ಅವಳಿಗೆ ಕನ್ನಡ ಓದಲು ಬಾರದಿದ್ದರಿಂದ ನಾನು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುವುದು, ಅವಳು ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡುವುದು. ಸಿನಿಮಾದ ಸಾಲಿಗೆ ನಕ್ಕಳು. ಸುಳ್ಳು ಚೀಟಿಯ ಸಾಲಿಗೆ ಇನ್ನೂ ನಕ್ಕಳು, ಆ ಚೀಟಿಗೆ ಅಪ್ಪನ ಸಹಿ ಹಾಕಿಕೊಟ್ಟವಳು ಅವಳೇ. ಓದುತ್ತ ಓದುತ್ತ ಇದು ಆ ಶಾಸ್ತ್ರದ ಹಾಗೆ ಅಂತ ಅವಳಿಗೂ ಹೊಳೆದಿರಬೇಕು, ನಗು ನಿಂತಿತು. ಕೊನೆಯ ಸಾಲು ಮುಗಿಸಿ ಹಾಳೆ ಮಡಚಿದೆ.

ಅವಳು ಕೀಲಿಗಳ ಮೇಲಿನಿಂದ ಕೈ ತೆಗೆಯಲಿಲ್ಲ.

"ಒಂದು ಬಿಟ್ಟಿದ್ದೀಯ," ಅಂದಳು.

ಏನೂ ಬಿಟ್ಟಿಲ್ಲ ಅಂದೆ. ಎರಡು ಮಗ್ಗುಲು ತುಂಬಿದೆ ನೋಡು ಅಂತ ಹಾಳೆ ತೋರಿಸಿದೆ, ಅವಳಿಗೆ ಓದಲು ಬರುವುದಿಲ್ಲ ಅನ್ನುವುದನ್ನೂ ಮರೆತು.

"ಇದನ್ನ ಸತ್ತವರೇ ಹೇಳ್ಕೊಳ್ಳಲ್ಲ ಕಣೇ. ಬೇರೆಯವರು ಹೇಳ್ಬೇಕು. ಅವರವರದ್ದು ಅವರವರಿಗೆ ಕಾಣಲ್ಲ, ಅದಕ್ಕೇ." ಹಾಗಂದು ಅವಳು ನನ್ನ ಕಡೆ ತಿರುಗದೆ ಟೈಪು ಮಾಡತೊಡಗಿದಳು. ಮಾಡುತ್ತಲೇ ಆ ಸಾಲನ್ನು ನಮ್ಮ ಮಾತಿನಲ್ಲಿ ಹೇಳಿದಳು: "ಗೆಳತಿಯ ಜೊತೆ ಓದಿ ಅವಳಿಗಿಂತ ಹಿಂದೆ ಬಿದ್ದೆ. ಮತ್ತೆ ಓದಿ ಮತ್ತೆ ಹಿಂದೆ ಬೀಳೋದಕ್ಕೆ ಹೆದರಿ ಓದೋದನ್ನೇ ಬಿಟ್ಟೆ. ಸೋತದ್ದಲ್ಲ, ಆಡಲೇ ಇಲ್ಲ ಅಂತ ಹೇಳ್ಕೊಳ್ಳೋದಕ್ಕೆ."

ನನ್ನ ಕಿವಿಯೆಲ್ಲ ಬಿಸಿಯಾಯಿತು. ನನಗೇ ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಮೂರು ವರ್ಷ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, ನಾನು ತಲೆನೋವು ಅಂದಾಗ ಹೌದಾ ಅಂತ ಕೇಳಿ, ಮಾತ್ರೆ ಕೊಟ್ಟು, ಎಲ್ಲ ಗೊತ್ತಿದ್ದೂ ಸುಮ್ಮನಿದ್ದಳು. ಅಂಕದಲ್ಲಿ ಮುಂದಿದ್ದದ್ದು ಸಾಲದು, ನನ್ನನ್ನು ತಿಳಿಯುವುದರಲ್ಲೂ ಇವಳೇ ಮುಂದೆ. ತೋಟಕ್ಕೆ ಇಳಿದು ಒಂದು ಗಿಡದ ಚಿಗುರನ್ನೆಲ್ಲ ಬೋಳಿಸಿ ಹಾಕಿದೆ, ಅವಳದೇ ಗಿಡ. ವಾಪಸು ಬಂದಾಗ ಅವಳು ಗೋಡೆಯ ಮೇಲೆ ಹಾಗೇ ಕೂತಿದ್ದಳು. ಬೇಡವಾದರೆ ತೆಗೆದುಬಿಡು ಅಂತ ಪೆನ್‌ಡ್ರೈವು ಕೊಟ್ಟಳು. ಕಣ್ಣು ಕೆಂಪಾಗಿತ್ತು. ಹೆತ್ತೆಗಾಗಿ ಅತ್ತಳೋ ಬೇರೆ ಯಾವುದಕ್ಕೋ.

ಮೇಡಂ ಪುಟವನ್ನು ಓದಿ ಮೊದಲು ಜೋರಾಗಿ ನಕ್ಕರು. ಇದು ಅರ್ಜಿಯಲ್ಲ, ಪೊಲೀಸರ ಮುಂದೆ ಕೊಡುವ ತಪ್ಪೊಪ್ಪಿಗೆ ಅಂದರು. ಸುಳ್ಳು ಚೀಟಿ, ಸಿನಿಮಾ, ಮೇಷ್ಟರ ಜೊತೆಯ ಜಗಳ, ಎಲ್ಲದರ ಮೇಲೂ ಪೆನ್ನು ಎಳೆದರು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಎರಡು ಸಲ ಓದಿದರು. ಇದೊಂದು ಇರಲಿ, ಇದೇ ಕಾರಣ, ಉಳಿದದ್ದೆಲ್ಲ ನೆಪ ಅಂದರು. ಇದರ ಕೆಳಗೆ ಆಫೀಸಿನಲ್ಲಿ ಏನು ಕಲಿತೆ ಅಂತ ಬರಿ ಅಂದರು. ಹಾಗೇ ಬರೆದೆ. ಬ್ರೌಸಿಂಗ್ ಸೆಂಟರಿನವನು ಅಪ್‌ಲೋಡ್ ಮಾಡುವಾಗ, ಅಜ್ಜಿ ಬೇಡವಾ ಅಕ್ಕ ಅಂತ ಇನ್ನೊಂದು ಸಲ ಕೇಳಿದ.

ಸಂದರ್ಶನಕ್ಕೆ ಅಪ್ಪ ಜೊತೆಗೆ ಬಂದರು. ಊಟಿ, ಗೂಡಲೂರು, ಆಮೇಲೆ ಕಾಡು, ಆಮೇಲೆ ಗುಂಡ್ಲುಪೇಟೆ. ಅಪ್ಪ ದಾರಿಯುದ್ದಕ್ಕೂ ಬಸ್ಸಿನ ಡ್ರೈವರು ಗೇರು ಹಾಕುವ ರೀತಿಗೆ ಮುಖ ಸಿಂಡರಿಸುತ್ತಿದ್ದರು. ಒಳಗೆ ಹೋಗುವ ಮೊದಲು, 'ಹೆದರ್ಕಬ್ಯಾಡ ಕಣವ್ವ, ಇರೋದ್ನ ಇದ್ದಂಗೆ ಹೇಳು' ಅಂದರು.

ಮೂವರು ಕೂತಿದ್ದರು. ಎಲೆಯ ಕೇಸಿನ ಬಗ್ಗೆ ಕೇಳಿದರು, ಅಪ್ಪನ ಡೈರಿಯ ಬಗ್ಗೆ ಕೇಳಿದರು. ನನಗೆ ಬಾಯಿ ಕಟ್ಟಲಿಲ್ಲ, ಅದು ನನಗೆ ಹುಟ್ಟಿನಿಂದ ಬಂದದ್ದು. ಆಮೇಲೆ ನಡುವೆ ಕೂತಿದ್ದ ಹಿರಿಯ ಹೆಂಗಸು ನನ್ನ ಪುಟವನ್ನು ಮುಂದಕ್ಕೆ ಎಳೆದುಕೊಂಡರು. ಆ ಸಾಲನ್ನು ಗಟ್ಟಿಯಾಗಿ ಓದಿದರು. ಬೇರೆಯವರ ಬಾಯಲ್ಲಿ ಅದನ್ನು ಎರಡನೆಯ ಸಲ ಕೇಳಿದೆ. ಅಂಕ ಕಡಿಮೆಯಾದವರ ಕಾಗದಗಳನ್ನು ಎಷ್ಟೋ ವರ್ಷದಿಂದ ಓದುತ್ತಿದ್ದೇನೆ ಅಂದರು ಅವರು. ರೋಗ, ಸಾವು, ಬಡತನ, ಎಲ್ಲ ಓದಿದ್ದಾರಂತೆ. ತನ್ನನ್ನು ತಾನು ಇಷ್ಟು ನೇರವಾಗಿ ನೋಡಿಕೊಂಡವರು ಕಡಿಮೆ ಅಂದರು.

ಆಮೇಲೆ ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: "ಇಂಗ್ಲಿಷಿಗೆ ಯಾರಾದರೂ ಸಹಾಯ ಮಾಡಿರಬಹುದು, ಅದನ್ನ ಕೇಳ್ತಿಲ್ಲ. ಈ ಮಾತು ನಿಮ್ಮದೇನಾ?"

ಅವಳು ಇದೇ ಕೋಣೆಯಲ್ಲಿ, ಬಹುಶಃ ಇದೇ ಕುರ್ಚಿಯಲ್ಲಿ, ಬಾಯಿ ಕಟ್ಟಿ ಕೂತಿದ್ದಳು. ಒಂದು ಮಾತು ಹೇಳಿದರೆ ಸಾಕಾಗಿತ್ತು, ಅದು ನನ್ನ ಗೆಳತಿಯ ಮಾತು ಅಂತ. ಹೇಳಿದ್ದರೆ ಅವರು ಬಹುಶಃ ಇನ್ನೂ ಮೆಚ್ಚುತ್ತಿದ್ದರು. ಆದರೆ ಮೆಚ್ಚುಗೆಯಲ್ಲಿ ಅವಳಿಗೂ ಒಂದು ಪಾಲು ಹೋಗುತ್ತಿತ್ತು. ಅಷ್ಟು ವರ್ಷಕ್ಕೆ ಮೊದಲ ಸಲ ದೊಡ್ಡ ಆಲೂಗಡ್ಡೆ ನನ್ನ ಕೈಯಲ್ಲಿತ್ತು.

"ನನ್ನದೇ ಮೇಡಂ," ಅಂದೆ.

ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಹೊರಗೆ ಬಂದಾಗ ಅಪ್ಪ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆಯಾ ಅಂತ ಕೇಳಿದರು. ಹೂಂ ಅಂದೆ.

ಎರಡನೆಯ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರಿತ್ತು. ನನ್ನ ಕೆಳಗೆ ಯಾರೂ ಇರಲಿಲ್ಲ. ಅಮ್ಮ ಪಾಯಸಕ್ಕೆ ಇಟ್ಟಳು, ಅಪ್ಪ ಸಂಬಂಧದವರಿಗೆ ಫೋನು ಮಾಡಿ ಬೇಡ ಅಂದರು. ನಾನು ಕೆಳಗಿನ ಊರಿಗೆ, ಅವಳಿಗೆ ಫೋನು ಮಾಡಿದೆ.

ಕೂಗಾಡಿ ಖುಷಿಪಟ್ಟಳು. ಹಾಸ್ಟೆಲಿನ ಹುಡುಗಿಯರಿಗೆಲ್ಲ ಹೇಳಿದಳು, ಅವರ ಗದ್ದಲ ನನಗೂ ಕೇಳಿಸಿತು. ಆಮೇಲೆ ಎಲ್ಲಿಗೋ ನಡೆದುಹೋಗಿರಬೇಕು, ಗದ್ದಲ ದೂರವಾಯಿತು. ಆ ಕಾಲೇಜಿನಲ್ಲಿ ಕೂರುವ ಜಾಗ ಹೇಗಿದೆ, ಲೈಬ್ರರಿ ಎಷ್ಟು ದೊಡ್ಡದು ಅಂತ ಕೇಳಿದಳು. ಕೇಳುವ ದನಿ ಸಣ್ಣದಾಗಿತ್ತು. ಆ ದನಿ ನನಗೆ ಚೆನ್ನಾಗಿ ಗೊತ್ತು, ಹದಿನೈದು ವರ್ಷ ನನ್ನ ಗಂಟಲಿನಲ್ಲೇ ಇದ್ದದ್ದು. ಕೊನೆಗೂ ಅವಳಿಗೆ ಉರಿಯುತ್ತಿತ್ತು. ಸೀಟು ಸಿಕ್ಕಿದ್ದಕ್ಕಿಂತ ಅದು ನನಗೆ ಹೆಚ್ಚು ರುಚಿಸಿತು. ಸುಳ್ಳು ಯಾಕೆ ಹೇಳಲಿ.

"ಆ ಸಾಲು ಓದಿದ್ರಾ?" ಅಂದಳು.

"ಓದಿದ್ರು. ಇಷ್ಟಪಟ್ರು."

"ಯಾರು ಹೇಳಿದ್ದು ಅಂತ ಕೇಳಿದ್ರಾ?"

"ಇಲ್ಲ," ಅಂದೆ. "ಕೇಳಲಿಲ್ಲ."

ಹೂಂ ಅಂದಳು. ಕೇಳಿದ್ದರೆ ನೀನು ಹೇಳುತ್ತಿದ್ದೆ ಬಿಡು ಅಂತ ತಾನೇ ಸೇರಿಸಿದಳು.

ಈಗ ನಾನು ಕೊನೆಯ ವರ್ಷದಲ್ಲಿದ್ದೇನೆ, ಅಂಕ ಚೆನ್ನಾಗಿ ಬರುತ್ತಿದೆ. ಅವಳು ಮೇಡಂ ಆಫೀಸಿನಲ್ಲೇ ಜೂನಿಯರ್ ಆಗಿ ಸೇರಿದ್ದಾಳೆ. ಭಾನುವಾರ ಫೋನಿನಲ್ಲಿ ಮಾತಾಡುತ್ತೇವೆ. ಅವರವರದ್ದನ್ನು ಅವರವರೇ ಹೇಳಿಕೊಂಡರೆ ಕಳೆಯುವುದಿಲ್ಲ, ಬೇರೆಯವರು ಹೇಳಬೇಕು. ನನ್ನ ಈ ತಪ್ಪನ್ನು ಹೇಳಬಲ್ಲವಳು ಅವಳೊಬ್ಬಳೇ, ಅವಳಿಗೆ ಇದು ಗೊತ್ತಿಲ್ಲ. ಅವಳು ಕನ್ನಡ ಓದಲು ಇನ್ನೂ ಕಲಿತಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.